ಅಕ್ಕ ಬರುವ ಬುಧವಾರ

ಹೋದ ಮಳೆಗಾಲದಲ್ಲಿ ಹಲಸಿನಕಾಯಿ ಹೆಚ್ಚುವಾಗ ಮೆಟ್ಟುಗತ್ತಿ ತಾಗಿ ಹೆಬ್ಬೆರಳು ಕೊಯ್ದುಕೊಂಡೆ. ಸಣ್ಣ ಗಾಯ. ತಿಂಗಳಾದರೂ ಮಾಗಲಿಲ್ಲ. ಶುಗರ್ ಇರಬೇಕು ಅಂತ ಹೆದರಿ ತೀರ್ಥಹಳ್ಳಿಗೆ ಹೋಗಿ ಟೆಸ್ಟ್ ಮಾಡಿಸಿದೆ. ಇಲ್ಲ. "ರಾತ್ರಿ ನಿದ್ದೆ ಮಾಡ್ತೀರಾ?" ಅಂತ ಕೇಳಿದರು ಡಾಕ್ಟರು. ನನಗೆ ನಗು ಬಂತು.

ಅತ್ತೆಗೆ ಲಕ್ವ ಹೊಡೆದು ಆಗ ಹತ್ತು ತಿಂಗಳು. ರಾತ್ರಿಯೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅವರ ಬೆನ್ನು ಚೆನ್ನಾಗಿಯೇ ಇತ್ತು, ನನ್ನ ಬೆರಳು ಮಾತ್ರ ಮಾಗಲಿಲ್ಲ.

ಆಮೇಲೆ ಮಗಳು ಒಂದು ವಿಷಯ ಓದಿ ಹೇಳಿದಳು. ಅಮೆರಿಕದ ಒಹಾಯೊದಲ್ಲಿ ನಡೆದ ಅಧ್ಯಯನ, 1995ರಲ್ಲಿ ಪ್ರಕಟವಾಗಿದ್ದು. ಮರೆವಿನ ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಲ್ಲಿ ಪುಟ್ಟ ಗಾಯ ಮಾಡಿ, ಎಷ್ಟು ದಿನಕ್ಕೆ ಮಾಗುತ್ತದೆ ಅಂತ ನೋಡಿದರಂತೆ. ಆ ಜವಾಬ್ದಾರಿ ಇಲ್ಲದ, ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನು 13 ಹೆಂಗಸರಿಗಿಂತ ಇವರಿಗೆ ಸರಾಸರಿ 9 ದಿನ ಜಾಸ್ತಿ ಹಿಡಿಯಿತು. ನನ್ನ ಬೆರಳಿಗೂ ಅದೇ ಕಾರಣ ಅಂತ ವಾದ ಮಾಡುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕೈ ಒಣಗುವುದಾದರೂ ಯಾವಾಗ? ದಣಿವು ಚರ್ಮದ ತನಕ ಇಳಿಯುತ್ತದೆ ಅಂತ ಮಾತ್ರ ನಂಬಿದೆ.

ನಮ್ಮ ಮನೆಗೆ ಜನ ಬರುತ್ತಿರಲಿಲ್ಲ ಅಂತಲ್ಲ. ಸೇಬು ತರುತ್ತಿದ್ದರು. ಅತ್ತೆಯ ಹತ್ತಿರ "ನಾನ್ಯಾರು ಗೊತ್ತಾಯ್ತಾ?" ಅಂತ ಪರೀಕ್ಷೆ ಮಾಡುತ್ತಿದ್ದರು. ನಾನು ಕಾಫಿ ಕಾಸುತ್ತಿದ್ದೆ. ಹೊರಡುವಾಗ "ಏನಾದ್ರೂ ಬೇಕಾದ್ರೆ ಹೇಳು ಮಾರಾಯ್ತಿ" ಅನ್ನುತ್ತಿದ್ದರು. ಏನು ಬೇಕು ಅಂತ ಯೋಚಿಸಿ, ಸಂಕೋಚ ಬಿಟ್ಟು ಹೇಳುವ ಕೆಲಸವೂ ನಮ್ಮದೇ, ಅಲ್ವಾ?

ಕೆಳಗಿನ ಮನೆ ಅಕ್ಕ ಏನೂ ಕೇಳಲಿಲ್ಲ. ಒಂದು ಬುಧವಾರ ಬೆಳಗ್ಗೆ ತೋಟ ದಾಟಿ ಬಂದವರೇ, "ಹೋಗು, ಮಲಗು. ಹನ್ನೆರಡರ ತನಕ ನಾನಿರ್ತೀನಿ" ಅಂದರು. ಮುಂದಿನ ಬುಧವಾರವೂ ಬಂದರು. ಬೇಡ ಅಂದರೆ, "ಸುಮ್ನಿರೇ. ಮುಯ್ಯಾಳು ಅಂದ್ಕೋ. ನಮ್ಮನೆ ಅಡಿಕೆ ಸುಲಿಯೋಕೆ ನೀನು ಬಂದಿರಲಿಲ್ವಾ?"

ಸುಲಿಯುವ ಮೆಷಿನ್ ಬಂದ ಮೇಲೆ ನಮ್ಮಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುವ ಆ ಮುಯ್ಯಾಳೂ ಕಡಿಮೆಯಾಗಿದೆ. ರೋಗಿಯ ಹತ್ತಿರ ಕೂರುವುದನ್ನೂ ಮುಯ್ಯಾಳಿನ ಲೆಕ್ಕಕ್ಕೆ ಯಾಕೆ ಹಿಡಿಯಬಾರದು? ವಾರಕ್ಕೆ ಮೂರು ಗಂಟೆ, ಆದರೆ ದಿನ ಗೊತ್ತಾಗಿರಬೇಕು. ಯಾಕೆಂದರೆ ಅಕ್ಕ ಬರುತ್ತಾರೆ ಅಂತ ಗೊತ್ತಿದ್ದಿದ್ದಕ್ಕೇ ನನಗೆ ಸೋಮವಾರದ ರಾತ್ರಿಯೂ ಹಗುರವಾಯಿತು. ಕೈಗೆ ಸಿಕ್ಕ ಸಹಾಯದಷ್ಟೇ, ಸಿಗುತ್ತದೆ ಅನ್ನುವ ಧೈರ್ಯವೂ ಮೈಗೆ ಒಳ್ಳೆಯದು ಅಂತ ಓದಿದವರೂ ಹೇಳುತ್ತಾರೆ.

ಬರುವ ತಿಂಗಳು ಅಕ್ಕನಿಗೆ ಶಿವಮೊಗ್ಗದಲ್ಲಿ ಮೊಣಕಾಲಿನ ಆಪರೇಷನ್. ಅವರು ಮನೆಗೆ ಬಂದ ಮೇಲೆ ಶುಕ್ರವಾರ ನಂದು ಅಂತ ಹೇಳಿಬಂದಿದ್ದೇನೆ. ಆ ಹೊತ್ತು ಅತ್ತೆಯ ಹತ್ತಿರ ಇವರು ಇರುತ್ತಾರೆ. ತಮ್ಮ ಅಮ್ಮನ ಮಗ್ಗುಲು ಬದಲಿಸುವುದನ್ನು ಅಂತೂ ಕಲಿತರು, ಮೊನ್ನೆ.