ಮೂವತ್ತಾರು ಅಂದರೆ ಜಸ್ಟ್ ಪಾಸ್ ಅಲ್ಲ ಮಾರಾಯ್ರೆ

ನಿನ್ನೆ ಒಂದು ಮದುವೆ ಊಟದಲ್ಲಿ ಹೋಳಿಗೆ ಬರುವ ಮೊದಲೇ ಎಲೆ ಬಿಟ್ಟು ಎದ್ದುಬಂದೆ. ಯಾಕೆ ಎದ್ದೆ ಎಂದು ಕೇಳಿ ಆಗಲೇ ಮೂವರು ಫೋನ್ ಮಾಡಿದ್ದಾರೆ. ಎಲ್ಲರಿಗೂ ಸೇರಿ ಇಲ್ಲೇ ಹೇಳುತ್ತೇನೆ.

ಪಕ್ಕದ ಎಲೆಯವರು ಓದಿಕೊಂಡವರೇ. ಮಳೆ ಶುರುವಾದರೆ ಮಂಗಳೂರಿನಲ್ಲಿ ಮಾತು ಮಲೇರಿಯಾಕ್ಕೆ ಹೊರಳುವುದು ಮಾಮೂಲು. "ಕೊರೋನಾಕ್ಕೆ ಒಂದೇ ವರ್ಷದಲ್ಲಿ ಲಸಿಕೆ ಬಂತು. ಮಲೇರಿಯಾಕ್ಕೆ ಮೂವತ್ತು ವರ್ಷ ತಿಣುಕಿ ಮಾಡಿದ್ದು ನೂರಕ್ಕೆ ಮೂವತ್ತಾರು. ಎಸ್ಸೆಸ್ಸೆಲ್ಸಿ ಜಸ್ಟ್ ಪಾಸು!" ಅಂದರು. ಇಡೀ ಪಂಕ್ತಿ ನಕ್ಕಿತು.

ಇಪ್ಪತ್ತೆರಡು ವರ್ಷದಿಂದ ನಾನು ಲ್ಯಾಬಿನಲ್ಲಿ ನೋಡುತ್ತಿರುವುದು ಎಂಪಿ ಸ್ಲೈಡು, ಅಂದರೆ ರಕ್ತದಲ್ಲಿ ಮಲೇರಿಯಾ ಹುಡುಕುವ ಗಾಜಿನ ಪಟ್ಟಿ. ಆ ನಗು ನನಗೆ ತಡೆಯಲಾಗಲಿಲ್ಲ.

ಮೊದಲು ಆ ಮೂವತ್ತಾರರ ಲೆಕ್ಕ ನೋಡಿ. ಆರ್‌ಟಿಎಸ್,ಎಸ್ ಎಂಬ ಮಲೇರಿಯಾ ಲಸಿಕೆಯ ದೊಡ್ಡ ಪರೀಕ್ಷೆ ನಡೆದದ್ದು ಆಫ್ರಿಕಾದ 7 ದೇಶಗಳಲ್ಲಿ, 15 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ. ನಾಲ್ಕು ಡೋಸ್ ಪಡೆದ, 5ರಿಂದ 17 ತಿಂಗಳ ವಯಸ್ಸಿನ ಮಕ್ಕಳಲ್ಲಿ ಸುಮಾರು ನಾಲ್ಕು ವರ್ಷದ ಅವಧಿಗೆ ಸಿಕ್ಕ ರಕ್ಷಣೆ ನೂರಕ್ಕೆ 36. ನೂರು ಮಕ್ಕಳಲ್ಲಿ 36 ಮಕ್ಕಳು ಬಚಾವಾದರು, ಉಳಿದವರಿಗೆ ಏನೂ ಸಿಗಲಿಲ್ಲ ಎಂದು ಇದರ ಅರ್ಥವಲ್ಲ. ಅಲ್ಲಿ ಒಂದು ಮಗುವಿಗೆ ಮಲೇರಿಯಾ ಒಂದು ಸಲ ಬಂದು ಹೋಗುವುದಿಲ್ಲ, ಮತ್ತೆ ಮತ್ತೆ ಬರುತ್ತದೆ. ಹಾಗಾಗಿ ಸಾವಿರ ಮಕ್ಕಳಿಗೆ ಲಸಿಕೆ ಹಾಕಿದಾಗ ತಪ್ಪಿದ್ದು 1,774 ಸಲದ ಜ್ವರ. ಮಕ್ಕಳು ಸಾವಿರ, ತಪ್ಪಿದ ಜ್ವರ 1,774. ಇದನ್ನು ಯಾವ ಪಾಸ್ ಮಾರ್ಕಿನಲ್ಲಿ ಅಳೆಯುತ್ತೀರಿ?

ಇನ್ನು ಕೊರೋನಾದ ಹೋಲಿಕೆ. ಆ ವೈರಸ್ಸಿಗೆ ಇರುವುದು ಮೂವತ್ತರ ಆಸುಪಾಸು ಪ್ರೋಟೀನು. ಪಿಎಫ್ ಅಂತ ನಾವು ರಿಪೋರ್ಟಿನಲ್ಲಿ ಬರೆಯುವ ಫಾಲ್ಸಿಪಾರಂ ಪರೋಪಜೀವಿಗೆ 5 ಸಾವಿರಕ್ಕೂ ಹೆಚ್ಚು ಜೀನ್‌ಗಳು. ಸೊಳ್ಳೆ ಕಚ್ಚಿ ಒಂದು ತಾಸು ಆಗುವುದರೊಳಗೆ ಅದು ಯಕೃತ್ತಿನಲ್ಲಿ ಅಡಗಿರುತ್ತದೆ. ಲಸಿಕೆ ಅದನ್ನು ಹಿಡಿಯಬೇಕಾದದ್ದು ಆ ಸಣ್ಣ ಸಮಯದಲ್ಲಿ. ಒಂದೇ ಒಂದು ತಪ್ಪಿಸಿಕೊಂಡರೂ ವಾರದಲ್ಲಿ ಸಾವಿರ ಸಾವಿರವಾಗಿ ರಕ್ತಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಅದು ಹೊಕ್ಕ ಕೆಂಪುಕಣದ ಮೈಮೇಲೆ ಒಂದು ವೇಷ. ನಮ್ಮ ದೇಹ ಆ ವೇಷದ ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು. ಅದರ ವೇಷ ಕಟ್ಟುವ ಚೌಕಿಯಲ್ಲಿ ಸುಮಾರು 60 ವೇಷ ಸಿದ್ಧವಾಗಿವೆ.

ದಡಾರ ಒಮ್ಮೆ ಬಂದರೆ ಜನ್ಮಕ್ಕೆ ಸಾಕು. ಆ ರೋಗವೇ ದೇಹಕ್ಕೆ ಪಾಠ ಕಲಿಸಿರುತ್ತದೆ, ಲಸಿಕೆ ಅದೇ ಪಾಠವನ್ನು ನೋವಿಲ್ಲದೆ ಕಲಿಸಿದರೆ ಆಯಿತು. ಮಲೇರಿಯಾದಲ್ಲಿ ರೋಗವೇ ಸರಿಯಾಗಿ ಕಲಿಸುವುದಿಲ್ಲವಲ್ಲ! ಮಲೇರಿಯಾ ಜಾಸ್ತಿ ಇರುವ ಆಫ್ರಿಕಾದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಜ್ವರ ತಿಂದು ಉಳಿದವರಿಗಷ್ಟೇ ಒಂದು ತಡೆಶಕ್ತಿ ಬರುತ್ತದೆ. ಅದೂ ಪೂರ್ತಿಯಲ್ಲ. ರಕ್ತದಲ್ಲಿ ಪರೋಪಜೀವಿ ಇಟ್ಟುಕೊಂಡೇ ಹೊಲಕ್ಕೆ ಹೋಗುತ್ತಾರೆ. ಅವರೇ ಕೆಲವು ವರ್ಷ ಯುರೋಪಿನಲ್ಲಿದ್ದು ಊರಿಗೆ ಬಂದರೆ ಮತ್ತೆ ಜ್ವರ. ಹೆಂಗಸರ ಪಾಡು ಇನ್ನೂ ಕಷ್ಟ: ಬಾಲ್ಯವಿಡೀ ಒದ್ದಾಡಿ ಗಳಿಸಿದ ಶಕ್ತಿ ಮೊದಲ ಬಸಿರಿನಲ್ಲಿ ಕೈಕೊಡುತ್ತದೆ. ಮಾಸು ಎಂಬ ಹೊಸ ಜಾಗ ಸಿಕ್ಕಿತಲ್ಲ, ಅಲ್ಲಿ ಅಂಟಿಕೊಳ್ಳಲು ಬೇರೆಯೇ ವೇಷ.

ಹಾಗಂತ ಆ ತಡೆಶಕ್ತಿ ಸುಳ್ಳೂ ಅಲ್ಲ. 1961ರಲ್ಲಿ ಗ್ಯಾಂಬಿಯಾದಲ್ಲಿ ದೊಡ್ಡವರ ರಕ್ತದಿಂದ ಗಾಮಾ ಗ್ಲಾಬ್ಯುಲಿನ್, ಅಂದರೆ ರೋಗದ ವಿರುದ್ಧದ ಪ್ರತಿಕಾಯಗಳಿರುವ ಅಂಶ, ತೆಗೆದು ಮಲೇರಿಯಾದಿಂದ ಮಲಗಿದ್ದ ಮಕ್ಕಳಿಗೆ ಕೊಟ್ಟರು. ಮಕ್ಕಳ ರಕ್ತದಲ್ಲಿ ಪರೋಪಜೀವಿಗಳು ಇಳಿದವು. ಅಂದರೆ ಉತ್ತರ ಆ ರಕ್ತದಲ್ಲೇ ಇತ್ತು. ಆದರೂ ಒಂದು ಲಸಿಕೆ ಸೀಸೆಗೆ ಬಂದು ಒಪ್ಪಿಗೆ ಪಡೆಯಲು ಮತ್ತೆ ಅರವತ್ತು ವರ್ಷ ಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ಆರ್‌ಟಿಎಸ್,ಎಸ್‌ಗೆ ಒಪ್ಪಿಗೆಯ ಶಿಫಾರಸು ಕೊಟ್ಟದ್ದು 2021ರ ಅಕ್ಟೋಬರಿನಲ್ಲಿ. ಆಕ್ಸ್‌ಫರ್ಡ್‌ನವರು ರೂಪಿಸಿ ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21ಕ್ಕೆ 2023ರಲ್ಲಿ.

"ಸೊಳ್ಳೆಪರದೆಗೆ ದುಡ್ಡು ಹಾಕಿದರೆ ಸಾಲದಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ. ಪರದೆಯ ಋಣ ದೊಡ್ಡದು, ಒಪ್ಪುತ್ತೇನೆ. 2000ದಿಂದ 2015ರವರೆಗೆ ಆಫ್ರಿಕಾದಲ್ಲಿ ತಪ್ಪಿದ ಪ್ರಕರಣಗಳಲ್ಲಿ ನೂರಕ್ಕೆ 68ರಷ್ಟು ಔಷಧಿ ಲೇಪಿಸಿದ ಪರದೆಗಳಿಂದಲೇ ಎಂಬ ಅಂದಾಜಿದೆ. ಆದರೆ ಆ ಔಷಧಿಗೆ ಸೊಳ್ಳೆಗಳು ಒಗ್ಗಿಕೊಳ್ಳುತ್ತಿವೆ. ಪರದೆಗಳೆಲ್ಲ ಇದ್ದೂ 2023ರಲ್ಲಿ ಜಗತ್ತಿನಲ್ಲಿ ಸತ್ತವರು ಸುಮಾರು 5,97,000. ಬಹುಪಾಲು ಆಫ್ರಿಕಾದ, ಐದು ವರ್ಷ ತುಂಬದ ಮಕ್ಕಳು. ಪರದೆಯೋ ಲಸಿಕೆಯೋ ಎಂದು ಆ ತಾಯಂದಿರ ಹತ್ತಿರ ಹೋಗಿ ಕೇಳುವ ಧೈರ್ಯ ನನಗಂತೂ ಇಲ್ಲ. ಘಾನಾ, ಕೀನ್ಯಾ, ಮಲಾವಿಯಲ್ಲಿ 2019ರಿಂದ ಲಸಿಕೆ ಕೊಟ್ಟ ಕಡೆ, ಲಸಿಕೆಯ ವಯಸ್ಸಿನ ಮಕ್ಕಳ ಸಾವು ನೂರಕ್ಕೆ 13ರಷ್ಟು ಇಳಿಯಿತು. ಮಲೇರಿಯಾ ಸಾವು ಮಾತ್ರವಲ್ಲ, ಗಾಯ-ಅಪಘಾತ ಬಿಟ್ಟು ಉಳಿದೆಲ್ಲ ಕಾರಣದ ಸಾವುಗಳನ್ನೂ ಸೇರಿಸಿ.

ಒಂದು ವಿಷಯ ಯಾರಿಗೂ ಹೇಳಿರಲಿಲ್ಲ. 2015ರಲ್ಲಿ ಆ 36ರ ಫಲಿತಾಂಶ ಬಂದ ದಿನ ಲ್ಯಾಬಿನಲ್ಲಿ ಓದಿ "ಇಷ್ಟೇನಾ?" ಎಂದು ಕಾಗದ ಮಡಚಿ ಇಟ್ಟವಳು ನಾನೇ. ಜ್ವರದ ಲೆಕ್ಕವನ್ನು ನೆಟ್ಟಗೆ ಓದಿದ್ದು ಎಷ್ಟೋ ದಿನ ಬಿಟ್ಟು. ನಿನ್ನೆಯ ನಗು ಅಷ್ಟು ಚುಚ್ಚಿದ್ದು ಅದಕ್ಕೇ ಇರಬೇಕು.

ಮತ್ತೆ ನಮ್ಮೂರಿನ ಪಿವಿ, ಅಂದರೆ ವೈವಾಕ್ಸ್ ಎಂಬ ಇನ್ನೊಂದು ಜಾತಿಯ ಮಲೇರಿಯಾ? ಈ ಎರಡು ಲಸಿಕೆಗಳೂ ಅದಕ್ಕೆ ಮಾಡಿದ್ದಲ್ಲ. ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿ ಏಳುವ ಜಾತಿ ಅದು. ಕಳೆದ ವಾರ ಗಾರೆ ಕೆಲಸದವರ ಮಗಳೊಬ್ಬಳು ಬಂದಿದ್ದಳು, ಏಳು ವರ್ಷ, ಮೂರನೇ ಸಲ ಪಿವಿ. ಹಿಂದಿನ ಎರಡು ಸಲವೂ ಹಾಗೆ ಮಲಗಿದ್ದನ್ನು ಕೊಲ್ಲುವ 14 ದಿನದ ಪ್ರೈಮಾಕ್ವಿನ್ ಮಾತ್ರೆ ಮುಗಿಯುವ ಮೊದಲೇ ಅಪ್ಪನ ಕೆಲಸ ಬೇರೆ ಸೈಟಿಗೆ ಬದಲಾಗಿತ್ತು. ಈ ಸಲ ಅವರ ಮೇಸ್ತ್ರಿಯ ನಂಬರ್ ತೆಗೆದುಕೊಂಡಿದ್ದೇನೆ. ಇವತ್ತಿಗೆ ಆರನೇ ದಿನ, ಮಾತ್ರೆ ನುಂಗಿದ್ದಾಳಂತೆ.