ತಾಲ್ಲೂಕಿಗೊಂದು ಸಣ್ಣ ಡೀಸೆಲ್ ವಿದ್ಯುತ್ ಘಟಕ ಬೇಕಾ?

ಪರ: ಲೆಕ್ಕ ಹಾಕಬೇಕಾದ್ದು ನಿಮಿಷಗಳನ್ನು

ಶಕ್ತಿನಗರದಲ್ಲಿ 1720 ಮೆಗಾವಾಟ್, ಯರಮರಸ್‌ನಲ್ಲಿ 1600, ಕುಡತಿನಿಯಲ್ಲಿ 1700. ರಾಜ್ಯ ಸರ್ಕಾರದ ವಿದ್ಯುತ್ ಉತ್ಪಾದನಾ ಕಂಪನಿ ಕೆಪಿಸಿಯ ಕಲ್ಲಿದ್ದಲು ಕರೆಂಟೆಲ್ಲ ಹುಟ್ಟುವುದು ನಮ್ಮ ರಾಯಚೂರು, ಬಳ್ಳಾರಿಯಲ್ಲೇ. ಆದರೂ ಮುಂಗಾರಿನ ಮೊದಲ ಗಾಳಿ ಬೀಸಿದರೆ ಸಾಕು, ಸಿಂಧನೂರು, ಮಾನ್ವಿ ಕಡೆ ಕರೆಂಟ್ ಮಾಯ.

ಡೀಸೆಲ್ ದುಬಾರಿ, ಒಪ್ಪಿದೆ. ಆದರೆ ತಣ್ಣಗಾದ ಕಲ್ಲಿದ್ದಲು ಘಟಕವನ್ನು ಮತ್ತೆ ಎಬ್ಬಿಸಲು ಗಂಟೆಗಟ್ಟಲೆ ಬೇಕು. ಸಣ್ಣ ಡೀಸೆಲ್ ಎಂಜಿನ್ ಒಂದು ನಿಮಿಷದೊಳಗೆ ಲೋಡ್ ಹೊರುತ್ತದೆ. ಥರ್ಮಲ್ ಸ್ಥಾವರದವರೇ ಇದನ್ನು ನಂಬಿಕೊಂಡಿದ್ದಾರೆ ನೋಡಿ: ಹೊರಗಿನ ಕರೆಂಟೂ ಹೋಗಿ ಘಟಕ ನಿಂತರೆ ಬಿಸಿ ಟರ್ಬೈನ್‌ನ ಶಾಫ್ಟನ್ನು ನಿಧಾನವಾಗಿ ತಿರುಗಿಸುತ್ತಲೇ ಇರಬೇಕು, ಬೇರಿಂಗಿಗೆ ಎಣ್ಣೆ ಹೋಗುತ್ತಲೇ ಇರಬೇಕು, ಇಲ್ಲಾಂದ್ರೆ ಟನ್‌ಗಟ್ಟಲೆ ತೂಕದ ಆ ಶಾಫ್ಟ್ ಬಾಗಿಬಿಡುತ್ತದೆ, ಆ ಹೊತ್ತಿಗೆ ಕೈಹಿಡಿಯುವುದು ಅಲ್ಲೇ ಇಟ್ಟಿರುವ ಡೀಸೆಲ್ ಜನರೇಟರ್.

ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಬೇಯಿಸಿದ ಭತ್ತ ಡ್ರೈಯರ್‌ನಲ್ಲಿರುವಾಗ ಕರೆಂಟ್ ಹೋದರೆ ಕೈಕಟ್ಟಿ ಕೂರಲು ಆಗಲ್ಲ. ತಡವಾದರೆ ಭತ್ತ ವಾಸನೆ ಬರುತ್ತದೆ. ಅದಕ್ಕೇ ಸ್ವಂತ ಜನರೇಟರ್. ಅಂದರೆ ಡೀಸೆಲ್ ಈಗಲೂ ಉರಿಯುತ್ತಿದೆ, ದುಡ್ಡಿದ್ದವರ ಕಾಂಪೌಂಡಿನೊಳಗೆ. ಅದನ್ನೇ ಸಬ್‌ಸ್ಟೇಷನ್ ಪಕ್ಕ ಇಟ್ಟು ಸರ್ಕಾರಿ ಆಸ್ಪತ್ರೆಗೂ ಕುಡಿಯುವ ನೀರಿನ ಪಂಪ್‌ಹೌಸಿಗೂ ಕೊಡಿ ಅಂತ ಕೇಳುತ್ತಿದ್ದೇವೆ. ದಿನವಿಡೀ ಓಡಿಸಿ ಅಂತ ಯಾರೂ ಹೇಳಿಲ್ಲ.

ವಿರೋಧ: ಆ ಕರೆಂಟ್ ಬರುವುದು ಯಾವ ತಂತಿಯಲ್ಲಿ?

ಟರ್ಬೈನ್ ಕಾಯುವ ಜನರೇಟರ್ ಬಗ್ಗೆ ನಮ್ಮ ತಕರಾರಿಲ್ಲ. ಅದು ತನ್ನ ಕಾಂಪೌಂಡಿನಲ್ಲೇ ಇದೆ. ಆದರೆ ಗಾಳಿಮಳೆಗೆ ಸಿಂಧನೂರಲ್ಲಿ ಕರೆಂಟ್ ಹೋಗುವುದು ಉತ್ಪಾದನೆ ಸಾಲದೆ ಅಲ್ಲವಲ್ಲ! ಸಬ್‌ಸ್ಟೇಷನ್ನಿಂದ ಊರಿಗೆ ಬರುವ 11 ಕೆವಿ ತಂತಿಯ ಮೇಲೆ ಜಾಲಿ ಕೊಂಬೆ ಬಿದ್ದಿರುತ್ತದೆ, ಕಂಬ ವಾಲಿರುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟಿರುತ್ತದೆ. ಸಬ್‌ಸ್ಟೇಷನ್ ಪಕ್ಕ ನೀವು ಎಂಥ ಎಂಜಿನ್ ಇಟ್ಟರೂ ಅದರ ಕರೆಂಟ್ ಊರಿಗೆ ಹೋಗಬೇಕಾದ್ದು ಅದೇ ಹರಿದ ತಂತಿಯಲ್ಲಿ ಅಲ್ವಾ?

ಇನ್ನು ಖರ್ಚು. ಸಣ್ಣ ಜನರೇಟರ್ ಲೀಟರಿಗೆ ಮೂರು, ಮೂರೂವರೆ ಯೂನಿಟ್ ಕೊಡುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ಬರೀ ಎಣ್ಣೆಗೇ ಯೂನಿಟ್‌ಗೆ 25 ರೂಪಾಯಿ ದಾಟಿತು. ಆಪರೇಟರ್ ಸಂಬಳ, ಫಿಲ್ಟರ್, ಆಯಿಲ್ ಬೇರೆ. ಸುಮ್ನೆ ನಿಲ್ಲಿಸಿಟ್ಟರೆ ಬ್ಯಾಟರಿ ಸಾಯುತ್ತದೆ, ಬೇಕಾದ ದಿನವೇ ಸ್ಟಾರ್ಟ್ ಆಗಲ್ಲ. ಕಾಲುಭಾಗ ಲೋಡಿಗೇ ಓಡಿಸುತ್ತಾ ಹೋದರೆ ಡೀಸೆಲ್ ಪೂರ್ತಿ ಉರಿಯದೆ ಹೊಗೆಕೊಳವೆಯ ಜಾಯಿಂಟಿನಿಂದ ಕಪ್ಪು ಜಿಡ್ಡು ಜಿನುಗುತ್ತದೆ. ರಾತ್ರಿ ಆಸ್ಪತ್ರೆಯ ಲೋಡ್ ಎಷ್ಟಿರುತ್ತದೆ, ನೀವೇ ಹೇಳಿ.

ಇದನ್ನು ದೊಡ್ಡದಾಗಿ ಮಾಡಿ ನೋಡಿದ್ದೂ ಆಗಿದೆ. 1990ರ ದಶಕದಲ್ಲಿ ಯಲಹಂಕದಲ್ಲಿ ಸುಮಾರು 128 ಮೆಗಾವಾಟ್‌ನ ಡೀಸೆಲ್ ಸ್ಥಾವರ ಬಂತು. ಈಗ ಅಲ್ಲಿರುವುದು 370 ಮೆಗಾವಾಟ್‌ನ ಗ್ಯಾಸ್ ಸ್ಥಾವರ. ಆಗಿನ ಪರಿಸ್ಥಿತಿಯೂ ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆವಿ ಲೈನ್ ಮೂಲಕ ದಕ್ಷಿಣದ ಗ್ರಿಡ್, ಅಂದರೆ ವಿದ್ಯುತ್ ಜಾಲ, ಉಳಿದ ದೇಶದ ಜಾಲಕ್ಕೆ ಸೇರಿಕೊಂಡಿತು. ಕೊರತೆ ಬಿದ್ದರೆ ಹೊರಗಿಂದ ತರಿಸಲು ದಾರಿ ನಮ್ಮ ಜಿಲ್ಲೆಯಿಂದಲೇ ಇದೆ. ಕೈಕೊಡುತ್ತಿರುವುದು 765 ಅಲ್ಲ, 11.

ಆಸ್ಪತ್ರೆಗೆ ಅದರ ಅಂಗಳದಲ್ಲೇ ಅಳತೆಗೆ ತಕ್ಕ ಜನರೇಟರ್ ಕೊಡಿ, ಮಾಳಿಗೆ ಮೇಲೆ ಸೋಲಾರ್, ಜೊತೆಗೆ ಬ್ಯಾಟರಿ. ಈ ಬಿಸಿಲಿಗೆ ಅದೂ ಆಗದಿದ್ದರೆ ಇನ್ನೆಲ್ಲಿ ಆಗುತ್ತದೆ? ಘಟಕದ ದುಡ್ಡಲ್ಲಿ ಪಂಪ್‌ಹೌಸಿಗೆ ಎರಡನೇ ಫೀಡರ್, ಅಂದರೆ ಸಬ್‌ಸ್ಟೇಷನ್ನಿಂದ ಇನ್ನೊಂದು ಲೈನ್, ಎಳೆಯಿರಿ. ಕೊಂಬೆ ಕಡಿಯುವ ಕೆಲಸ ಮೇ ತಿಂಗಳಲ್ಲೇ ಮುಗಿಸಿ, ಲೈನ್‌ಮನ್‌ಗಳನ್ನು ಜಾಸ್ತಿ ಹಾಕಿ.