ಆಯ್ಕೆಗಳನ್ನು ಒಳಗಿಡಿ, ಕಿತ್ತುಹಾಕಬೇಡಿ

ವಿಂಡೋಸ್ 11 ಬಂದಾಗ ಜನ ಅಷ್ಟೊಂದು ಸಿಟ್ಟಾಗಿದ್ದು ಟಾಸ್ಕ್‌ಬಾರ್, ಅಂದರೆ ಪರದೆಯ ಕೆಳಗಿನ ಐಕಾನ್ ಪಟ್ಟಿಯ ವಿಷಯಕ್ಕೆ. ಅದಕ್ಕೂ ಮೊದಲು ಅದನ್ನು ಪರದೆಯ ಎಡಕ್ಕೋ ಮೇಲಕ್ಕೋ ಎಳೆದು ಇಟ್ಟುಕೊಳ್ಳಬಹುದಿತ್ತು. 2021ರಲ್ಲಿ ಆ ಅವಕಾಶ ಹೋಯಿತು. ಲ್ಯಾಪ್‌ಟಾಪ್ ಪರದೆಯಲ್ಲಿ ಅಗಲ ಜಾಸ್ತಿ, ಎತ್ತರ ಕಡಿಮೆ. ಉದ್ದನೆಯ ಎಕ್ಸೆಲ್ ಶೀಟ್ ನೋಡುವವರು ಟಾಸ್ಕ್‌ಬಾರನ್ನು ಪಕ್ಕಕ್ಕೆ ಸರಿಸಿದರೆ ಒಂದೆರಡು ಸಾಲು ಹೆಚ್ಚು ಕಾಣುತ್ತದೆ. ದಿನವಿಡೀ ಕೆಲಸ ಮಾಡುವವರಿಗೆ ಅದು ಸಣ್ಣ ವಿಷಯವಲ್ಲ. ತೆರೆದ ಫೈಲುಗಳ ಹೆಸರು ಬೇರೆಬೇರೆಯಾಗಿ ಕಾಣುವ ಆಯ್ಕೆಯೂ ಮಾಯವಾಗಿತ್ತು. ನಾಲ್ಕು ವರ್ಡ್ ಫೈಲು ತೆರೆದಿದ್ದರೂ ಕೆಳಗೆ ಒಂದೇ ಐಕಾನ್. ಗಲಾಟೆಯಾದ ಮೇಲೆ 2023ರಲ್ಲಿ ಅದು ವಾಪಸ್ ಬಂತು.

ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್ ಕಡೆಯೂ ಇದೇ ಕಥೆ. ಅಲ್ಲಿ ಗ್ನೋಮ್ ಅನ್ನೋದು ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್. 2011ರ ಗ್ನೋಮ್ 3ರಲ್ಲಿ ಮಿನಿಮೈಸ್, ಮ್ಯಾಕ್ಸಿಮೈಸ್ ಬಟನ್‌ಗಳೇ ಕಾಣುತ್ತಿರಲಿಲ್ಲ. ಬೇಕಾದವರು ಟ್ವೀಕ್ ಟೂಲ್ ಅನ್ನೋ ಬೇರೆ ಪ್ರೋಗ್ರಾಂ ಹಾಕಿಕೊಳ್ಳಬೇಕಿತ್ತು. ಮಿಕ್ಕಿದ್ದಕ್ಕೆಲ್ಲ ಎಕ್ಸ್‌ಟೆನ್ಷನ್, ಅಂದರೆ ಮೇಲಿಂದ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು. ಅವು ಹೊಸ ಆವೃತ್ತಿ ಬಂದಾಗ ಕೈಕೊಡುತ್ತವೆ. 2023ರ ಗ್ನೋಮ್ 45ಕ್ಕಂತೂ ಹಳೆಯ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ತಿದ್ದಿ ಬರೆಯಬೇಕಾಯಿತು.

ಹಾಗಂತ ಕಂಡಿದ್ದಕ್ಕೆಲ್ಲ ಸೆಟ್ಟಿಂಗ್ ಕೊಡಿ ಅಂತ ನಾನು ಹೇಳುತ್ತಿಲ್ಲ. ಪ್ರತಿ ಆಯ್ಕೆಗೂ ಬೆಲೆ ಇದೆ ಅಂತ ಗ್ನೋಮ್‌ನ ಡೆವಲಪರ್ ಹ್ಯಾವಕ್ ಪೆನಿಂಗ್ಟನ್ 2002ರಲ್ಲೇ ಬರೆದಿದ್ದರು. ಅದು ನಿಜ. ಹತ್ತು ಆನ್-ಆಫ್ ಸ್ವಿಚ್ ಇಟ್ಟರೆ 1024 ಬಗೆಯ ಜೋಡಣೆಗಳಾಗುತ್ತವೆ. ಅಷ್ಟನ್ನೂ ಪರೀಕ್ಷೆ ಮಾಡುವವರು ಯಾರು? ಹೊಸಬರಿಗೂ ಆ ಉದ್ದನೆಯ ಪಟ್ಟಿ ನೋಡಿದರೆ ತಲೆ ಕೆಡುತ್ತದೆ.

ಆದರೆ ಜನ ವರ್ಷಗಟ್ಟಲೆ ಬಳಸಿ ಕೈಗೆ ರೂಢಿಯಾದದ್ದನ್ನು ತೆಗೆಯುವುದು ಬೇರೆ ಮಾತು, ಅಲ್ವಾ? ಈ ವಿಷಯದಲ್ಲಿ ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ ಪ್ಲಾಸ್ಮಾ ಹಿಡಿದ ದಾರಿ ನನಗೆ ಇಷ್ಟ. ಮೊದಲು ತೆರೆದಾಗ ಸರಳವಾಗಿರಲಿ, ಬೇಕಾದಾಗ ಎಲ್ಲವೂ ಸಿಗಲಿ ಅನ್ನುವುದು ಅವರ ನೀತಿ. ಅಲ್ಲೂ ಸೆಟ್ಟಿಂಗ್ಸ್ ಒಳಗೆ ಹೊಕ್ಕರೆ ದಾರಿ ತಪ್ಪುವಷ್ಟು ಆಯ್ಕೆಗಳಿವೆ, ಅದನ್ನು ಅವರು ಇನ್ನೂ ಚೊಕ್ಕ ಮಾಡಬೇಕು. ಆದರೂ ಪ್ಯಾನೆಲ್ (ಅಲ್ಲಿನ ಟಾಸ್ಕ್‌ಬಾರ್) ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದನ್ನು ಎಡಕ್ಕೆ ಸರಿಸುವ ದಾರಿ ಅಲ್ಲೇ ಸಿಗುತ್ತದೆ. ಬೇಡದವರ ಕಣ್ಣಿಗೆ ಅದು ಬೀಳುವುದೂ ಇಲ್ಲ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದರ ಬಿಸಿ ಬೇಗ ತಟ್ಟುತ್ತದೆ. ಒಬ್ಬರಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ರೂಢಿ, ಇನ್ನೊಬ್ಬರಿಗೆ ‘ನುಡಿ’ ತಂತ್ರಾಂಶದ ಕೀಲಿಮಣೆ, ಮತ್ತೊಬ್ಬರಿಗೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವುದು. ಯಾವುದೋ ಒಂದನ್ನೇ ಇಟ್ಟು ಉಳಿದದ್ದನ್ನು ತೆಗೆದರೆ ಮೆನು ಚಿಕ್ಕದಾಗುತ್ತದೆ, ನಿಜ. ಉಳಿದವರು ಮಾತ್ರ ಬೆರಳಿಗೆ ಕಲಿಸಿದ್ದನ್ನೆಲ್ಲ ಮರೆತು ಮತ್ತೆ ಮೊದಲಿನಿಂದ ಕಲಿಯಬೇಕು.